ಹಮೀದನ ಅಂಗಿಯ ಕೆಳಗೆ

ಹಮೀದನ ಅಂಗಿ ಹೊಟ್ಟೆಯ ಹತ್ತಿರ ನೋಡನೋಡುತ್ತ ಕೆಂಪಾಯಿತು. ಸೌದಿಯ ಜುಬೈಲಿನಲ್ಲಿ ಕಂಪನಿಯ ಕ್ಯಾಂಪು, ಶುಕ್ರವಾರದ ರಜೆ, ಇಸವಿ ಎಂಬತ್ತಮೂರೋ ನಾಲ್ಕೋ ಇರಬೇಕು. ಯಾರೋ ಇರಿದಿದ್ದಾರೆ ಎಂದೇ ತಿಳಿದೆ. ಅಂಗಿ ಎತ್ತಿದರೆ ಹೊಟ್ಟೆಗೆ ಅಂಟಿಸಿದ ಚೀಲ, ಅದರ ತುಂಬ ರಕ್ತ. ಊರಲ್ಲಿ ಕರುಳಿನ ಆಪರೇಷನ್ ಮಾಡಿ, ಮಲ ಹೋಗಲು ಹೊಟ್ಟೆಯ ಮೇಲೇ ದಾರಿ ಮಾಡಿದ್ದರಂತೆ. ಒಂದೇ ಕೋಣೆಯಲ್ಲಿ ವರ್ಷ ಕಳೆದಿದ್ದ ನನಗೆ ಇದು ಗೊತ್ತಿರಲಿಲ್ಲ.

ಟವೆಲ್ ಮೇಲೆ ಟವೆಲ್ ಸುತ್ತಿದೆ. "ಕಂಪನಿಗೆ ಹೇಳ್ಬೇಡ ಮಾರಾಯ, ಊರಿಗೆ ಕಳಿಸ್ತಾರೆ" ಎನ್ನುತ್ತಲೇ ಇದ್ದ. ಆದರೂ ಕ್ಲಿನಿಕ್ಕಿಗೆ ಓಡಿದೆ. ಅಲ್ಲಿನ ನರ್ಸ್, ಉಡುಪಿಯ ಫೆಲಿಕ್ಸ್, ಬಂದವನೇ ಟವೆಲ್‌ಗಳನ್ನೆಲ್ಲ ಕಿತ್ತೆಸೆದು ಚೀಲವನ್ನೂ ತೆಗೆದ. ಅವನಿಗೆ ಮಾತ್ರ ಮೊದಲೇ ಎಲ್ಲ ಗೊತ್ತಿತ್ತು.

"ಎಂತ ಮಾರಾಯ, ಮುಚ್ಚಿಟ್ರೆ ರಕ್ತ ನಿಲ್ತದಾ? ಇವನ ಲಿವರ್ ಹಾಳಾಗಿದೆ. ಅದಕ್ಕೇ ಇಲ್ಲಿಯ ನರ ಉಬ್ಬಿ ಒಡೆದದ್ದು. ಬೆರಳಿಡು, ಒತ್ತು!"

ಒದ್ದೆ ಬಟ್ಟೆಯ ಚೂರಿಟ್ಟು, ರಕ್ತ ಚಿಮ್ಮುತ್ತಿದ್ದ ಆ ಒಂದೇ ಜಾಗದಲ್ಲಿ ನನ್ನ ಹೆಬ್ಬೆರಳು ಊರಿಸಿದ. ರಕ್ತ ನಿಂತಿತು. ಆಂಬುಲೆನ್ಸ್ ಬರುವವರೆಗೆ ನಾನು ಬೆರಳು ತೆಗೆಯಲಿಲ್ಲ. ಅದು ಹತ್ತೇ ನಿಮಿಷ ಎಂದು ಫೆಲಿಕ್ಸ್ ಆಮೇಲೆ ಹೇಳುತ್ತಿದ್ದ. ನನಗೆ ಒಂದು ಗಂಟೆ. ಹಮೀದ್ ಬದುಕಿದ. ಕಂಪನಿ ಅವನನ್ನು ಊರಿಗೆ ಕಳಿಸಿತು.

ಆ ವರ್ಷವಿಡೀ ಅಂಗಿ ತೊಟ್ಟೇ ಸ್ನಾನಕ್ಕೆ ಹೋಗುತ್ತಿದ್ದ ಹಮೀದನನ್ನು "ಎಂತ, ಮದುಮಗಳಾ ನೀನು?" ಎಂದು ಕೋಣೆಯವರೆಲ್ಲ ಗೇಲಿ ಮಾಡುತ್ತಿದ್ದೆವು. ಆ ಮಾತು ಶುರುಮಾಡಿದ್ದು ಬೇರೆ ಯಾರೋ ಎಂದು ಬಹುಕಾಲ ನಂಬಿದ್ದೆ. ಈಗ ನೆನೆದರೆ ಕೇಳಿಸುವುದು ನನ್ನದೇ ದನಿ.