ಪೊಮುಚ್‌ಗೆ ಹೋದ ಬಟ್ಟೆ

ಅಮೆರಿಕದ ರಾಕ್‌ವಿಲ್‌ನ ನಮ್ಮ ಲ್ಯಾಬಿನಲ್ಲಿ ನನ್ನ ಪಕ್ಕ ಕೆಲಸ ಮಾಡುತ್ತಿದ್ದವರು ಮೆಕ್ಸಿಕೋದ ಪೊಮುಚ್ ಎಂಬ ಸಣ್ಣ ಊರಿನವರು, ಐವತ್ತು ದಾಟಿದ ಮನುಷ್ಯ. ಒಂದು ಸೆಪ್ಟೆಂಬರಿನಲ್ಲಿ ಅವರು ಊಟದ ಹೊತ್ತಿಗೆ ಬಿಳಿ ಬಟ್ಟೆಯ ಮೇಲೆ ಕಸೂತಿ ಹಾಕುತ್ತ ಕೂತಿದ್ದರು. ಯಾರಿಗೆಂದು ಕೇಳಿದೆ.

"ಅಮ್ಮನಿಗೆ."

ಅವರ ಊರಿನಲ್ಲಿ ಸತ್ತವರ ಹಬ್ಬಕ್ಕೆ ಮುಂಚೆ ಮನೆಯವರು ಸ್ಮಶಾನಕ್ಕೆ ಹೋಗಿ, ಪೆಟ್ಟಿಗೆಯಲ್ಲಿಟ್ಟ ಮೂಳೆಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಹಾಸುತ್ತಾರಂತೆ. ಪ್ರತಿವರ್ಷ ಅಮ್ಮನ ಬಟ್ಟೆಗೆ ಕಸೂತಿ ಹೂ ಹಾಕುತ್ತಿದ್ದ ಅವರ ಅಕ್ಕನಿಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೇ ಈ ಸಲ ಇವರು ಹಾಕಿ ಊರಿಗೆ ಕಳಿಸಬೇಕಿತ್ತು.

"ಮುಟ್ಟೋಕೆ ಭಯ ಆಗಲ್ವಾ?" ಎಂದು ಕೇಳಿದೆ.

"ಅಮ್ಮ ಅಲ್ವಾ? ಭಯ ಯಾಕೆ?"

ಹೂಗಳೆಲ್ಲ ಸೊಟ್ಟಗಿದ್ದವು. "ಬಿಚ್ಚಿ ನೀಟಾಗಿ ಹಾಕಿಕೊಡ್ಲಾ?" ಎಂದೆ.

"ಬೇಡ, ನನ್ನ ಕೈಕೆಲಸಾನೇ ಅವಳು ನೋಡ್ಲಿ. ಗಂಟು ಹಾಕೋದು ಮಾತ್ರ ಹೇಳ್ಕೊಡಿ."

ಎರಡು ವಾರ ಜೊತೆಗೆ ಕೂತು ಹೇಳಿಕೊಟ್ಟೆ. ಅಕ್ಟೋಬರ್ ಕೊನೆಗೆ ಅಕ್ಕ ಕಳಿಸಿದ ಫೋಟೊ ತೋರಿಸಿದರು. ಆ ಹೂಗಳ ನಡುವೆ ಅವರ ಅಮ್ಮನ ತಲೆಬುರುಡೆ ಇತ್ತು. ನೋಡಲಾರೆ ಎಂದುಕೊಂಡಿದ್ದೆ, ಆದರೆ ಬಹಳ ಹೊತ್ತು ನೋಡಿದೆ.

"ನಿಮ್ಮಮ್ಮ ಎಲ್ಲಿದ್ದಾರೆ?" ಎಂದು ಕೇಳಿದರು.

ಕೋವಿಡ್‌ನಲ್ಲಿ ಅಮ್ಮ ತೀರಿಕೊಂಡಾಗ ನನಗೆ ಮೈಸೂರಿಗೆ ಹೋಗಲಾಗಿರಲಿಲ್ಲ. ತಮ್ಮನೇ ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು ಬಂದಿದ್ದ. "ಕಾವೇರಿ ಹೊಳೇಲಿ," ಎಂದೆ.

ಅವರು, "ಹಾಗಾದ್ರೆ ಅವರಿಗೆ ದಿನಾ ಸ್ನಾನ," ಎಂದರು.

ಅಮ್ಮನಿಗೆ ತಣ್ಣೀರೆಂದರೆ ಆಗುತ್ತಲೇ ಇರಲಿಲ್ಲ. ಅದನ್ನು ಹೇಳುತ್ತಿದ್ದಂತೆ ನನಗೆ ನಗು ಬಂತು. ಅಮ್ಮ ಹೋದ ಮೇಲೆ ಅವಳ ಬಗ್ಗೆ ಮಾತಾಡುತ್ತ ನಾನು ನಕ್ಕದ್ದು ಅಂದೇ ಮೊದಲು.