ಹಿಟ್ಟಿನ ಡಬ್ಬಿಗೆ ಆನಿಸಿದ ಟ್ಯಾಬು

ಈಗ ಸೆರಗಿಲೆ ಟ್ಯಾಬು ಒರಸಾಕತ್ತಿದ್ದೆ, ಜ್ವಾಳದ ಹಿಟ್ಟಿನ ವಾಸನಿ ಘಮ್ ಅಂತು. ನಗಬ್ಯಾಡ್ರಿ. ನಮ್ಮನ್ಯಾಗ ಅದರ ಜಾಗಾನೇ ಹಿಟ್ಟಿನ ಡಬ್ಬಿ ಮಗ್ಗಲಕ್ಕ. ಡಬ್ಬಿಗೆ ಆನಿಸಿ ನಿಲ್ಲಿಸಿದ್ರ ಎರಡೂ ಕೈ ಖುಲ್ಲಾ ಇರ್ತಾವ. ಮಂದಿಗೆ ಮಾತಾಡಾಕ ಬಾಯಿ ಸಾಕು, ನನಗ ಕೈ ಬೇಕು. ನನ್ನ ಮಗಳು ಸುವರ್ಣಾಗ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ.

ಸಣ್ಣಾಕಿದ್ದಾಗ ನಾ ರೊಟ್ಟಿ ಬಡಿಯೂ ಮುಂದ ಎದುರಿಗೇ ಕೂಡ್ತಿದ್ಲು. ಅಲ್ಲೇ ನಮ್ಮ ಕೈಮಾತು ಹುಟ್ಟಿತು. ತಲಿಮ್ಯಾಲೆ ಎರಡು ಬೆರಳು ಇಟ್ರ ಎಮ್ಮಿ, ಮೀಸಿ ತಿರುವಿದ್ರ ಅಪ್ಪ, ಹುಬ್ಬು ಏರಿಸಿದ್ರ ಪ್ರಶ್ನಿ. ನಾಲ್ಕನೇತ್ತೆಗೇ ಸಾಲಿ ಬಿಟ್ಟಾಕಿ ನಾ, ಈ ಮಾತಿಗೆ ಮಾತ್ರ ನಾನೇ ಮಾಸ್ತರಬಾಯಿ! ಜಗಳಾನೂ ಕೈಲೇ. ಸಿಟ್ಟು ಬಂದ್ರ ಆಕಿ ಕಣ್ಣು ಮುಚ್ಚಿಬಿಡ್ತಿದ್ಲು. ಕಣ್ಣು ಮುಚ್ಚಿದಾಕಿಗೆ ಎಷ್ಟು ಬೈದ್ರೂ ಎಲ್ಲಿ ಮುಟ್ಟಬೇಕು ಹೇಳ್ರಿ?

ಬಸವಕಲ್ಯಾಣದ ಟೇಲರ್ ಒಬ್ಬಾವಗ ಕೊಟ್ಟು ಮದುವಿ ಮಾಡಿದ್ವಿ. ಅಳಿಯ ಬಂಗಾರದಂಥಾವ. ಆದ್ರ ನನ್ನ ಗುಂಡಿ ಫೋನಿನಾಗ ಮಗಳ ಸುದ್ದಿ ಅಂತ ನಾ ಕೇಳಿದ್ದು ಒಂದೇ ಮಾತು: "ಆರಾಮ ಅದಾಳ್ರಿ ಅತ್ತಿ." ಮಳಿ ಬಂದ್ರೂ ಅದೇ, ಬಿಸಲಾದ್ರೂ ಅದೇ.

ಮೊಮ್ಮಗಳು ಹುಟ್ಟಿದಳು. ಬಾಣಂತನ ಮುಗಿಸಿ ಕಳಿಸಿಕೊಟ್ಟ ಮ್ಯಾಲ ಬೀಗತಿ ಫೋನ್ ಹಚ್ಚಿದ್ರು.

"ಕೂಸು ನಿಮ್ಮೂರಾಗ ನಿಮ್ಮ ಹಂತ್ಯಾಕೇ ಬೆಳೀಲಿ ಬಿಡ್ರಿ. ಮಾತು ಬರದ ತಾಯಿ ಮಗ್ಗಲಕ್ಕಿದ್ರ ಅದಕ್ಕ ಮಾತು ಹ್ಯಾಂಗ ಬರ್ತದ?"

ಖರೇ ಹೇಳ್ತೀನಿ, ನನಗ ಆಸಿ ಆತು. ಮೊಮ್ಮಗಳು ಮನಿಗೇ ಬರ್ತಾಳಂದ್ರ ಯಾವ ಆಯಿ ಬ್ಯಾಡ ಅಂತಾಳ? ಆದ್ರ ಸುವರ್ಣಾ ಏನಂತಾಳ? ಅಳಿಯನ್ನ ಕೇಳಿದೆ. "ಆರಾಮ ಅದಾಳ್ರಿ ಅತ್ತಿ!"

ಮರುದಿನಾನೇ ಹುಮನಾಬಾದಿಗೆ ಹೋದೆ. ಅಂಗಡಿಯಾವ ದೊಡ್ಡ ಫೋನ್ ಅಂತ ತೋರಿಸಿದ. ಅದರಾಗ ಮನಷ್ಯಾನ ಬೆರಳು ನನ್ನ ಕಣ್ಣಿಗೆ ಅಕ್ಕಿಕಾಳು ಕಂಡಂಗ ಕಂಡ್ವು. ಬಾಜೂಕ ಒಂದು ಸಣ್ಣ ಟ್ಯಾಬು ಇತ್ತು.

"ಇದರಾಗ ಸಿಮ್ ಕೂಡ್ತದೇನಪಾ?"

"ಕೂಡ್ತದ ಆಯಿ. ಆದ್ರ ಕಿವಿಗೆ ಹಚ್ಚಿದ್ರ ತಾಟು ಹಚ್ಚಿದಂಗ ಕಾಣ್ತದ. ಊರ ಮಂದಿ ನಗ್ತಾರ."

"ನಗಲಿ ತಗೋ. ನನ್ನ ಮಗಳು ಕಿವೀಲೆ ಮಾತಾಡೂದಿಲ್ಲ."

ಸಂಜಿಕ ಟ್ಯಾಬಿನಾಗ ವಿಡಿಯೊ ಕಾಲ್ ಹಚ್ಚಿದೆ. ಅಳಿಯ ತನ್ನ ಫೋನ್ ಹೊಲಿಗಿ ಮಿಷನ್ ಮ್ಯಾಲ ನಿಲ್ಲಿಸಿ ಹೊರಗ ಹೋದ. ಸುವರ್ಣಾ ಬಂದು ಕೂತಳು. ಮಾರಿ, ಹುಬ್ಬು, ಹತ್ತೂ ಬೆರಳು, ಎಲ್ಲಾ ಕಂಡ್ವು! ಮದುವ್ಯಾದ ಮ್ಯಾಲ ಅಷ್ಟು ದೂರದಿಂದ ನಾವಿಬ್ಬರೇ ಮಾತಾಡಿದ್ದು ಅದೇ ಮೊದಲು. ಹಾಡಿ ಹಾಡಿ ಮಾತಾಡಿದಂಗ ಕೈ ಕುಣೀತಾವ, ನಿಲ್ಲವಲ್ವು. ಕಡೀಕ ನಾ ತೋಳಾಗ ಕೂಸು ತೂಗಿ, ನನ್ನ ಕಡಿ ತೋರಿಸಿ, ಹುಬ್ಬು ಏರಿಸಿದೆ: ಕೊಡ್ತೀಯಾ?

ಆಕಿ ಎರಡೂ ಕೈ ಎದಿಗೆ ಒತ್ತಿದಳು. ಕಣ್ಣು ಮುಚ್ಚಿದಳು. ಜಗಳ ಮುಗೀತು.

ತಾಟು ಕಿವಿಗೆ ಹಚ್ಚಿಕೊಂಡು ಬೀಗತಿಗೆ ಹೇಳಿದೆ, "ಕೂಸು ತಾಯಿ ಹಂತ್ಯಾಕೇ ಇರ್ತದ್ರಿ."

"ಆತು. ಮಾತು ಬರಲಿಲ್ಲಂದ್ರ ನಿಮ್ಮ ಮ್ಯಾಲ ನೋಡ್ರಿ!"

ಅವತ್ತಿನಿಂದ ನನಗ ಅದೊಂದೇ ಚಿಂತಿ. ಮಗಳ ಹಟಕ್ಕ ಕೂಸಿನ ಬಾಯಿ ಕಟ್ಟಿದೆನೇನೋ ಅಂತ.

ಇವತ್ತು ಮುಂಜಾನಿ ಕೇಳ್ರಿ. ಈಗ ಕೂಸಿಗೆ ವರ್ಷ ದಾಟೇದ. ಟ್ಯಾಬಿನಾಗ ನೋಡಾಕತ್ತೀನಿ, ಬೀಗತಿ ತೊಡಿಮ್ಯಾಲಿಂದ ಇಳಿದು ಅಂಬೆಗಾಲಿಲೆ ತಾಯಿ ಕಡಿ ಹೋತು. ಬಾಯಿ ಬಿಡಲಿಲ್ಲ. ತಾಯಿ ಮೊಣಕಾಲು ತಟ್ಟಿತು, ಆಕಿ ತಿರುಗಿ ನೋಡೂತನಕ ಕಾದು ಮುಷ್ಟಿ ಬಿಚ್ಚಿ ಮುಚ್ಚಿ ಮಾಡಿತು: ಹಾಲು. ಕುಡಿದು ಬಾಯಿ ಒರಸಿಕೊಂಡು ಹಿಂದಕ್ಕ ತಿರುಗಿ, ಬೀಗತಿಗೆ ಗಟ್ಟಿ ದನಿಲೆ "ಆಯೀ!" ಅಂತು. ಅವ್ವಗ ಕೈ, ಆಯಿಗೆ ಬಾಯಿ! ಯಾರಿಗೆ ಯಾವ ಮಾತು ಬೇಕು ಅಂತ ಇದಕ್ಕ ಯಾರು ಹೇಳಿಕೊಟ್ರು?

ಬೀಗತಿ ಕಣ್ಣು ಒರಸಿಕೊಂಡು ಟ್ಯಾಬಿನ ತುಂಬ ಬಂದ್ರು. ಏನೋ ಅಂತಾರ ಅಂತ ಕಾದೆ. ಐದೂ ಬೆರಳು ಕೂಡಿಸಿ ಬಾಯಿ ಹಂತ್ಯಾಕ ಒಯ್ದು, ಹುಬ್ಬು ಏರಿಸಿದ್ರು: ಊಟ ಆತಾ? ಹಿಂದ ನಿಂತಿದ್ದ ಸುವರ್ಣಾ ನಕ್ಕು, ಅತ್ತಿಯ ಹೆಬ್ಬೆರಳು ಹಿಡಿದು ಸರಿ ಮಾಡಿದಳು. ಅವರು ಮತ್ತೊಮ್ಮೆ ಕೇಳಿದ್ರು. ಕಿವಿ ನೆಟ್ಟಗಿದ್ದ ನಾವಿಬ್ಬರು ಮುದುಕೇರು ಪಿಟ್ಟೆನ್ನದ ಕೂತಿದ್ದು ಊರಾಗ ಯಾರರೆ ನೋಡಿದ್ರ ಏನಂತಿದ್ರೋ! ನಾ ಹೊಟ್ಟಿ ಸವರಿ ತೋರಿಸಿದೆ: ಆತು.

ಅಂದೆ ಖರೆ. ಆದ್ರ ಒಲಿ ಇನ್ನೂ ಹಚ್ಚೇ ಇಲ್ಲರಿ. ಹೊತ್ತು ನೆತ್ತಿಮ್ಯಾಲ ಬಂದದ, ಹಸಿವೇ ಇಲ್ಲ.