ತೊಟ್ಟಿಲಲ್ಲಿ ಕುರಿಮರಿ, ತೋಳಿಗೆ ಸಾಕ್ಸು

ನನ್ನ ಮೊಮ್ಮಗಳು ತೊಟ್ಟಿಲಲ್ಲಿ ಅಂಗಾತ ಮಲಗಿ ಇಡೀ ದಿನ ಒಂದೇ ಕೆಲಸ ಮಾಡುತ್ತಾಳೆ. ಮುಷ್ಟಿ ಬಿಗಿಯುತ್ತಾಳೆ, ಬಿಡುತ್ತಾಳೆ. ಮತ್ತೆ ಬಿಗಿಯುತ್ತಾಳೆ, ಮತ್ತೆ ಬಿಡುತ್ತಾಳೆ. ಇದೇ ಕಸರತ್ತನ್ನು ನನಗೆ ಕಲಿಸಲು ಗೋಕಾಕದ ಡಾಕ್ಟರಬಾಯಿ ಗಂಟಲು ಒಣಗಿಸಿಕೊಂಡಿದ್ದಳು. ಇವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಕಲಿತೇ ಬಂದಿದ್ದಾಳೆ. ಮೊಮ್ಮಕ್ಕಳು ಎಲ್ಲರಿಗೂ ಹುಟ್ಟುತ್ತಾರೆ ಎಂದು ನಮ್ಮ ಮನೆಯವರು ನನ್ನನ್ನು ಕಿಚಾಯಿಸುತ್ತಾರೆ. ಹುಟ್ಟಲಿ, ಬೇಡ ಎಂದವರಾರು? ಆದರೆ ಇಂಥವಳು ಹುಟ್ಟಿಲ್ಲ.

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ಆದರೆ ಈ ಸಂತೋಷವನ್ನು ಒಳಗೇ ಇಟ್ಟುಕೊಂಡರೆ ಹಾಲು ಉಕ್ಕಿ ಒಲೆಗೆ ಬಿದ್ದ ಹಾಗೆ ಆಗುತ್ತದೆ ಅನ್ನಿಸಿ ಕುಳಿತಿದ್ದೇನೆ.

ನಮ್ಮದು ಮೂಡಲಗಿ ಬಾಜೂ ಇರುವ ಹಳ್ಳಿ. ಮನೆಯ ಮುಂದೆ ಕಾಲುವೆ, ಆಚೆ ಕಬ್ಬು, ಹಿತ್ತಲಲ್ಲಿ ಕುರಿ ಹಟ್ಟಿ. ಎದೆಯಲ್ಲಿ ಗಂಟು ಕಂಡಾಗ ಆಪರೇಷನ್ ಮಾಡಿದರು, ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು, ಸಲೈನಿನಲ್ಲಿ ಕೀಮೋ ಔಷಧಿ ಏರಿಸಿದರು, ಕರೆಂಟು ಕೊಟ್ಟರು. ತಲೆಗೂದಲು ಉದುರಿ ಮೊದಲಿಗಿಂತ ಗುಂಗುರಾಗಿ ಬಂತು. ಅದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಎಡಗೈ ಬಾತುಕೊಳ್ಳತೊಡಗಿತು. ಕುಬಸದ ತೋಳು ಬಿಗಿಯಾಯಿತು. ಸಂಜೆಯಾದರೆ ಯಾರೋ ರಟ್ಟೆಗೆ ಜೋತುಬಿದ್ದಷ್ಟು ಭಾರ.

ಗೋಕಾಕದ ಆಸ್ಪತ್ರೆಯಲ್ಲಿ ಕಸರತ್ತು ಹೇಳಿಕೊಡುವ ಡಾಕ್ಟರಬಾಯಿ ನನ್ನ ಮಗಳ ವಯಸ್ಸಿನವಳು. ನನ್ನ ಕೈಯನ್ನು ಟೇಪಿನಿಂದ ಅಳೆದು ಹೇಳಿದಳು:

"ಕಂಕುಳಾಗಿನ ಗಂಟು ತಗದಾರಲ್ರಿ ಆಯಿ, ಕೈಯಾಗಿನ ನೀರು ಮ್ಯಾಲೆ ಹರಿದು ಹೋಗೂ ದಾರಿ ಸಣ್ಣದಾಗೇತಿ. ಅದಕ್ಕ ಅಲ್ಲೇ ನಿಂದರತೈತಿ."

ನಮ್ಮ ಮನೆಯವರಿಗೆ ತಟ್ಟನೆ ತಿಳಿಯಿತು. "ಅಂದ್ರ ಕಾಲುವಿಗೆ ಹೂಳು ಬಿದ್ದಂಗ ಅನ್ರಿ. ತಗೀಬೇಕು."

"ತಗಿಯಾಕ ಬರೂದಿಲ್ರಿ ಅಜ್ಜಾರ. ಬ್ಯಾರೆ ಸಣ್ಣ ಸಣ್ಣ ದಾರಿ ಅದಾವು, ನೀರನ್ನ ಅತ್ತಾಗ ಹಚ್ಚಬೇಕು. ಪೂರ್ತಿ ಹೋಗ್ತೈತಿ ಅಂತ ನಾ ಹೇಳೂದಿಲ್ಲ. ದಿನಾ ಮಾಡಿದ್ರ ಹಿಡಿತದಾಗ ಇರ್ತೈತಿ."

ಮಾಡಬೇಕಾದದ್ದೇನೂ ಗುಡ್ಡ ಅಗೆಯುವ ಕೆಲಸವಲ್ಲ. ಮೊದಲು ಹೊಟ್ಟೆಯಿಂದ ಉದ್ದನೆಯ ಉಸಿರು. ಆಮೇಲೆ ಭುಜ ತಿರುಗಿಸುವುದು, ಮೊಣಕೈ ಮಡಚುವುದು, ಮುಷ್ಟಿ ಬಿಗಿದು ಬಿಡುವುದು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ನಡೆಸುವುದು. ಚರ್ಮವನ್ನು ಹಗುರವಾಗಿ ಮೇಲ್ಮುಖವಾಗಿ ಸವರುವುದು. ಈ ಹಗುರ ಎನ್ನುವುದೇ ನನಗೆ ಬರಲಿಲ್ಲ. ಜನ್ಮವಿಡೀ ರೊಟ್ಟಿ ಹಿಟ್ಟು ನಾದಿದ ಕೈ. ಅವಳ ಮುಂದೆಯೇ ತೋಳನ್ನು ಗಸಗಸ ತಿಕ್ಕಿ ತೋರಿಸಿದೆ.

"ಆಯಿ, ರೊಟ್ಟಿ ಬಡಿಯಾಕತ್ತೀರೇನ್ರಿ? ಕೂಸಿನ ಗಲ್ಲ ಮುಟ್ಟಿದಂಗ ಮುಟ್ರಿ."

"ಕೂಸು ಎಲ್ಲೈತವಾ ಮನ್ಯಾಗ, ಮುಟ್ಟಿ ಕಲಿಯಾಕ?" ಎಂದೆ. ಆಗ ಮಗಳಿಗೆ ಇನ್ನೂ ದಿನ ತುಂಬಿರಲಿಲ್ಲ.

ಮೊದಮೊದಲು ಕೈಗೆ ಪಟ್ಟಿ ಸುತ್ತಬೇಕಿತ್ತು. ಒಂದೇ ಕೈಯಿಂದ ಸುತ್ತಿಕೊಳ್ಳುವುದು ನನ್ನಿಂದಾಗದು. ನಮ್ಮ ಮನೆಯವರು ಮುಂದೆ ಬಂದರು. "ಮೀಸಿ ಬರೂಕಿಂತ ಮೊದಲ ರುಮಾಲು ಸುತ್ತಾಕ ಕಲತಾಂವ ನಾ. ಇದೇನು ದೊಡ್ಡದು?" ಎಂದು ಮಂಡಿಯೂರಿ ಕುಳಿತರು. ಡಾಕ್ಟರಬಾಯಿ ತೋರಿಸಿಕೊಟ್ಟದ್ದನ್ನು ಬಸ್ಸಿನಲ್ಲೇ ಕರದಂಟಿನ ಜೊತೆ ನುಂಗಿಬಿಟ್ಟಿದ್ದರು. ರಟ್ಟೆಯಿಂದ ಶುರುಮಾಡಿ, ಎಳೆದೆಳೆದು ಬಿಗಿದು, ನಡುವೆ ಒಂದೊಂದು ತಿರುವು ಕೊಟ್ಟು, ಕೊನೆಯಲ್ಲಿ ಒಂದು ತುದಿಯನ್ನು ತುರಾಯಿಯ ಹಾಗೆ ಹೊರಗೆ ಬಿಟ್ಟರು. ನೋಡಲು ಚೆಂದವೇ ಇತ್ತು. ಸ್ವಲ್ಪ ಹೊತ್ತಿಗೆ ಬೆರಳುಗಳು ಜುಮುಗುಟ್ಟಿ ನೀಲಿಗಟ್ಟಿದವು. ಬಿಚ್ಚಿ ಹಾಕಿ, ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಇವರಿಂದ ಮತ್ತೆ ಹಾಗೆಯೇ ಸುತ್ತಿಸಿಕೊಂಡು ಒಳಗೆ ಹೋಗಿ ಡಾಕ್ಟರಬಾಯಿಗೆ ತೋರಿಸಿದೆ.

"ಯಾರು ಸುತ್ತಿದ್ದು ಹಿಂಗ?"

"ರುಮಾಲು ಸುತ್ತೂ ಕೈರಿ ಇದು!" ಇವರು ಎದೆ ಉಬ್ಬಿಸಿದರು.

"ತಲಿ ಮ್ಯಾಲಿಂದ ಬೀಳಬಾರದು ಅಂತ ರುಮಾಲು ಬಿಗೀತೀರಿ ಅಜ್ಜಾರ. ಇಲ್ಲಿ ನೀರು ಓಡಾಡಬೇಕ್ರಿ. ಬೆರಳ ಕಡಿಂದ ಸುರು ಮಾಡ್ರಿ. ಅಲ್ಲಿ ಸ್ವಲ್ಪ ಬಿಗಿ, ಮ್ಯಾಲೆ ಹೋದಂಗ ಹೋದಂಗ ಸಡಲ. ಮ್ಯಾಲೆ ಬಾಗಲಾ ಹಾಕಿ ಕೆಳಗಿಂದ ನೀರು ದಬ್ಬಿದ್ರ ಆಯಿ ಬೆರಳು ಬದನಿಕಾಯಿ ಆಗೂದಿಲ್ಲೇನು?"

ಇವರು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇನ್ನೊಂದು ಪಟ್ಟಿ ಕೊಂಡರು. ಆ ರಾತ್ರಿಯಿಂದ ತಮ್ಮ ಮೊಣಕಾಲಿಗೇ ಪಟ್ಟಿ ಸುತ್ತಿ ಸುತ್ತಿ ಕಲಿತರು. ಈಗ ಕೇಳಿ ನೋಡಿ, ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಪಾಠ ಹೇಳುತ್ತಾರೆ.

ಊತ ಇಳಿದ ಮೇಲೆ ಡಾಕ್ಟರಬಾಯಿ ಪಟ್ಟಿ ಬಿಡಿಸಿ, ಹಗಲು ಹಾಕಿಕೊಳ್ಳಲು ಅಳತೆಗೆ ತಕ್ಕ ಬಿಗಿ ತೋಳು ಕೊಡಿಸಿದಳು. ನಾವು ಅದನ್ನು ಕೈ ಸಾಕ್ಸು ಎನ್ನುತ್ತೇವೆ. ಆ ಕೈಗೆ ಬಿಗಿ ಬಳೆ ಬೇಡ, ಕುದಿಯುವ ನೀರು ಬೇಡ, ಕಬ್ಬಿನ ಗರಿ ಗೀರಬಾರದು, ಸಂಜೆ ಎಣ್ಣೆ ಸವರಬೇಕು, ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅಂದೇ ಓಡಿ ಬರಬೇಕು ಎಂದು ತಾಕೀತು ಮಾಡಿದಳು.

ಮಗಳನ್ನು ಕೊಟ್ಟದ್ದು ಹುಕ್ಕೇರಿ ಕಡೆಗೆ. ಏಳನೆಯ ತಿಂಗಳಲ್ಲಿ ನಮ್ಮ ಮನೆಯಲ್ಲಿ ಕುಬಸ ಮಾಡಿದೆವು. ಅಂದರೆ ಬಸುರಿಗೆ ಸೀರೆ ಕುಬಸ ಕೊಟ್ಟು ಹಸಿರು ಬಳೆ ಇಡಿಸುವ ದಿನ. ಬಳೆಗಾರ ಬಂದ. ನಾನು ಬಲಗೈಗೆ ಮೊಣಕೈವರೆಗೆ ಬಳೆ ಇಡಿಸಿಕೊಂಡೆ, ಸಾಕ್ಸು ಹಾಕಿದ ಎಡಗೈ ಹಿಂದೆ ಮಾಡಿದೆ. ನಮ್ಮ ಬೀಗತಿ, ಅಂದರೆ ಮಗಳ ಅತ್ತೆ, ಬಿಡುತ್ತಾಳೆಯೇ?

"ಬೀಗತಿ, ಒಂದು ಕೈ ನೋಡಿದ್ರ ಮದುಮಗಳು, ಇನ್ನೊಂದು ಕೈ ನೋಡಿದ್ರ ಕ್ರಿಕೆಟ್ ಆಡಾಂವ. ನಾ ಯಾರ ಜೋಡಿ ಮಾತಾಡಲಿ?"

ಎಲ್ಲರ ಜೊತೆ ನಾನೂ ನಕ್ಕೆ. ನಕ್ಕು ಮುಗಿಯುವ ಮೊದಲೇ ಅವಳು ನನ್ನ ಬೆನ್ನು ಸವರಿ, "ತೊಟ್ಟಿಲಕ್ಕ ಹಾಕೂ ದಿನ ನೀ ಕುರ್ಚಿ ಮ್ಯಾಲೆ ಕುಂತ ನೋಡವಾ. ನಿನ್ನ ಜಾಗಾದಾಗ ನಿನ್ನ ನೆಗೆಣ್ಣಿ ನಿಲ್ಲಲಿ. ಕೈ ಜಾರಿದ್ರ ಕೂಸಿನ ಗತಿ?" ಎಂದಳು.

ನಮ್ಮಲ್ಲಿ ಹೆಸರಿಡುವ ದಿನ ತೊಟ್ಟಿಲಿನ ಆಚೆ ಒಬ್ಬ ಅಜ್ಜಿ, ಈಚೆ ಒಬ್ಬ ಅಜ್ಜಿ ನಿಲ್ಲುತ್ತಾರೆ. ಮೊದಲು ಅರೆಯುವ ಗುಂಡಕಲ್ಲಿಗೆ ಕೂಸಿನ ಟೊಪ್ಪಿಗೆ ಕುಂಚಿಗೆ ಕಟ್ಟಿ ಕೂಸಿನ ಹಾಗೆ ಮಾಡಿ, ಇದನ್ನು ತಗೋರಿ, ಅದನ್ನು ಕೊಡ್ರಿ ಎನ್ನುತ್ತ ತೊಟ್ಟಿಲ ಕೆಳಗಿಂದ ಕೊಟ್ಟು ಮೇಲಿಂದ ತೆಗೆದುಕೊಳ್ಳುತ್ತಾರೆ. ಆ ಕಲ್ಲು ಕೂಸಿಗೆ ಅಣ್ಣನಿದ್ದಂತೆ. ಆಮೇಲೆ ನಿಜವಾದ ಕೂಸು. ಕೊಟ್ಟು ತೆಗೆದುಕೊಂಡು ಕೊನೆಗೆ ತೊಟ್ಟಿಲಲ್ಲಿ ಹಾಕಿದ ಮೇಲೆಯೇ ಹೆಸರು. ಆಪರೇಷನ್ ಕೋಣೆಗೆ ಹೋಗುವಾಗ ನಾನು ದೇವರಲ್ಲಿ ಬೇಡಿಕೊಂಡದ್ದು ಅದೊಂದೇ, ಮಗಳ ಕೂಸಿಗೆ ನಾನು ತೊಟ್ಟಿಲ ಬಳಿ ನಿಲ್ಲಬೇಕು ಎಂದು. ಬೀಗತಿ ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಪ್ರೀತಿಯಿಂದ ಹೇಳಿದಳು. ನನಗೂ ಒಳಗೊಳಗೇ ಅದೇ ಹೆದರಿಕೆಯಿತ್ತು.

ಮುಂದಿನ ಸಲ ಗೋಕಾಕಕ್ಕೆ ಹೋದಾಗ ತೊಟ್ಟಿಲಿನ ವಿಷಯವೆಲ್ಲ ಹೇಳಿಕೊಂಡೆ. ಕೈಗೆ ಬಲ ಬರಬೇಕಾದರೆ ಸ್ವಲ್ಪ ಸ್ವಲ್ಪವೇ ಭಾರ ಎತ್ತಿ ರೂಢಿ ಮಾಡಬೇಕು ಎಂದಳು ಡಾಕ್ಟರಬಾಯಿ. ಇವರು ಸುಮ್ಮನಿರಬೇಕಲ್ಲ?

"ಕುರಿಮರಿ ನಡೀತೈತೇನ್ರಿ?"

"ಏನಂದ್ರಿ?"

"ಆಗ ಹುಟ್ಟಿದ ಮರಿ ಕೂಸಿನಷ್ಟ ತೂಕ ಇರ್ತೈತ್ರಿ. ಕೂಸಿನಂಗ ಒದೀತೈತಿ. ದಿನಾ ಚೂರು ಬೆಳೀತೈತಿ, ಎತ್ತಾವರಿಗೆ ಗೊತ್ತಾಗೂದಿಲ್ಲ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗು ನಿಂತ ಮೇಲೆ ಸ್ವಲ್ಪ ಯೋಚಿಸಿದಳು. "ಮೊದಲ ನೀರಿನ ಬಾಟ್ಲಿ. ಅದು ಹಗುರ ಅನಿಸಿದ ಮ್ಯಾಲೆ ಮರಿ. ಕೈ ಸಾಕ್ಸು ಹಾಕ್ಕೊಂಡ, ಎರಡೂ ಕೈಯಿಂದ ಹಿಡೀರಿ. ಗೊರಸು ತಾಗಿ ಗೀರಬಾರದು. ಕೈ ಭಾರ ಅನಿಸಿದ್ರ ಅವತ್ತ ಅಲ್ಲೇ ನಿಲ್ಲಸ್ರಿ. ಮತ್ತ ಅಜ್ಜಾರ, ನೀವು ಕುರಿನ ತಂದು ಕೊಟ್ಟೀರಿ!"

ಬಾಟ್ಲಿ ಎತ್ತಿದೆ, ತುಂಬಿದ ತಂಬಿಗೆ ಎತ್ತಿದೆ. ಅಷ್ಟರಲ್ಲಿ ಹಟ್ಟಿಯಲ್ಲಿ ಕುರಿಗಳು ಈಯತೊಡಗಿದ್ದವು. ಇವರು ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ ಪಡಸಾಲೆಯ ತೊಲೆಗೆ ಕಟ್ಟಿದರು. ಬಿಳಿಯ ಮರಿಯೊಂದರ ಕಾಲು ಮಡಚಿ, ತಮ್ಮ ರುಮಾಲು ಬಿಚ್ಚಿ ಅದಕ್ಕೆ ಸುತ್ತಿದರು. ಈ ಸಲ ಹದವಾಗಿ, ಕೆಳಗಿನಿಂದ. ಆಮೇಲೆ ತೊಟ್ಟಿಲಿನ ಆಚೆ ನಿಂತು ತಲೆಯ ಮೇಲೆ ಟವೆಲ್ ಎಳೆದುಕೊಂಡು ಥೇಟ್ ಬೀಗತಿಯಾದರು.

"ಇದನ್ನ ತಗೋರಿ, ಅದನ್ನ ಕೊಡ್ರಿ. ಏ ಬೀಗತಿ, ಸೊಂಟಾ ಬಗ್ಗಸು! ಮೊಮ್ಮಗ ಮೂಗಿನ ಮ್ಯಾಲೆ ಬೀಳ್ತಾನ!"

"ನಿಮ್ಮ ಧ್ವನಿ ಕೇಳಿದ್ರ ಕೂಸು ಮತ್ತ ಹೊಟ್ಟಿಗೆ ಹೋಗ್ತೈತ್ರಿ," ಎಂದೆ.

ಮರಿ ರುಮಾಲಿನೊಳಗಿಂದ ಬ್ಯಾ ಎನ್ನುತ್ತಿತ್ತು. ಹಟ್ಟಿಯಿಂದ ಅದರ ತಾಯಿ ಉತ್ತರ ಕೊಡುತ್ತಿತ್ತು. ಹೆರಿಗೆಗೆಂದು ನಮ್ಮಲ್ಲೇ ಉಳಿದಿದ್ದ ಮಗಳು ಹೊಟ್ಟೆ ಹಿಡಿದುಕೊಂಡು, "ಸಾಕ್ರಪ್ಪಾ, ನಕ್ಕ ನಕ್ಕ ಇಲ್ಲೇ ಹಡದೇನು," ಎನ್ನುತ್ತಿದ್ದಳು. ಮರಿ ದೊಡ್ಡದಾದರೆ ಅದನ್ನು ಬಿಟ್ಟು ಇನ್ನೊಂದು ಸಣ್ಣ ಮರಿ ಹಿಡಿಯುತ್ತಿದ್ದೆವು. ಇವರ ರುಮಾಲು ವಾಸನೆ ಬರತೊಡಗಿ, ಕಟ್ಟೆಯ ಮೇಲೆ ಗೆಳೆಯರು ಒಂದು ಮೊಳ ದೂರ ಸರಿದು ಕುಳಿತರು.

ಕೂಸು ಹುಟ್ಟಿತು. ಅದರ ಬಗ್ಗೆ ಬರೆಯಲು ಹೋದರೆ ಈ ಕಾಗದ ಸಾಲದು. ಕೆಂಪು ಕೆಂಪು, ಹಣೆ ತುಂಬ ಕೂದಲು, ಮೂಗು ನನ್ನದೇ. ಮೂಗು ತಮ್ಮದು ಎಂದು ಬೀಗತಿ ಹೇಳುತ್ತಾಳೆ, ಹೇಳಲಿ. ಸಂತೋಷದಲ್ಲಿ ನನಗೆ ಕೈಯ ಪರಿವೆಯೇ ಇರಲಿಲ್ಲ. ಬಾಣಂತಿಗೆ ಎರೆಯಲು ಹಂಡೆಯಿಂದ ಬಿಸಿ ನೀರು ಹೊತ್ತೆ, ಒಲೆಯ ಮುಂದೆ ಕುಳಿತೆ, ಕಸರತ್ತು ಮರೆತೆ. ತೊಟ್ಟಿಲಿನ ದಿನ ಹತ್ತಿರ ಬಂದಾಗ ಕೈ ಮತ್ತೆ ಬಾತಿತು. ಸಾಕ್ಸು ಏರಲೊಲ್ಲದು.

"ಯವ್ವಾ, ಬಾಣಂತಿ ನೀನೋ ನಾನೋ?" ಎಂದು ಮಗಳು ಗದರಿಸಿದಳು. ಗದರಿಸುತ್ತ ಅವಳ ಕಣ್ಣು ತುಂಬಿತು. "ತೊಟ್ಟಿಲಕ್ಕ ನೀನ ನಿಲ್ಲಬೇಕು ನನಗ. ಬ್ಯಾರೆ ಯಾರೂ ಬ್ಯಾಡ."

ಗೋಕಾಕಕ್ಕೆ ಹೋಗಿ ಬಂದೆವು. ಕೈ ಕೆಂಪಾಗಿರಲಿಲ್ಲ, ಜ್ವರವಿರಲಿಲ್ಲ, ಅಷ್ಟೇ ಪುಣ್ಯ. ಮತ್ತೆ ಪಟ್ಟಿ, ದಿಂಬಿನ ಮೇಲೆ ಕೈ, ಹಗುರ ಕಸರತ್ತು. ನೀರು ಹೊರುವ ಕೆಲಸ ಇವರ ಪಾಲಿಗೆ ಬಂತು. ನಾನು ಕೂಸಿನ ಬದಿಗೆ ಮಲಗಿ, ಅವಳು ಮುಷ್ಟಿ ಬಿಗಿದರೆ ನಾನೂ ಬಿಗಿದೆ, ಅವಳು ಬಿಟ್ಟರೆ ನಾನೂ ಬಿಟ್ಟೆ. ಕೂಸಿನ ಗಲ್ಲ ಮುಟ್ಟಿ ಮುಟ್ಟಿ ಹಗುರ ಎಂದರೇನೆಂದು ಕಲಿತು, ಅದೇ ಕೈಯಿಂದ ನನ್ನ ತೋಳನ್ನು ಸವರಿಕೊಂಡೆ. ಊತ ಇಳಿಯಿತು. ಸಾಕ್ಸು ಏರಿತು. ಆದರೆ ಧೈರ್ಯ ಏರಿರಲಿಲ್ಲ.

ಹೆಸರಿಡುವ ಹಿಂದಿನ ದಿನ, ಡಾಕ್ಟರಬಾಯಿ ಒಪ್ಪಿದ ಮೇಲೆ, ಇನ್ನೊಮ್ಮೆ ಮರಿ ಎತ್ತಿ ನೋಡೋಣ ಎಂದು ನಿಂತಿದ್ದೆವು. ಇವರು ಟವೆಲ್ ಹೊದ್ದು, "ಬೀಗತಿ, ಕ್ರಿಕೆಟ್ ಕೈ ಮುಂದ ಮಾಡು," ಎನ್ನುತ್ತಿದ್ದಾಗಲೇ ಬಾಗಿಲಲ್ಲಿ ನಿಜವಾದ ಬೀಗತಿ! ಹುಕ್ಕೇರಿಯಿಂದ ಒಂದು ದಿನ ಮೊದಲೇ ಬಂದುಬಿಟ್ಟಿದ್ದಳು. ತೊಟ್ಟಿಲು ನೋಡಿದಳು, ಮರಿ ನೋಡಿದಳು, ಟವೆಲ್ ಹೊದ್ದ ಬೀಗನನ್ನು ನೋಡಿದಳು.

"ಬೀಗರ, ನಾ ಹಿಂಗ ಕಾಣಿಸ್ತೀನಿ?"

ಇವರು ಟವೆಲ್ ಬಿಸಾಡಿ ಹಟ್ಟಿಯ ಕಡೆ ನಡೆದರು. ಬೀಗತಿ ಚೀಲ ಕೆಳಗಿಟ್ಟು, ಸೆರಗು ಸಿಕ್ಕಿಸಿ, ಅವರ ಜಾಗದಲ್ಲಿ ನಿಂತಳು. "ಕೊಡವಾ, ನಾನೂ ನೋಡ್ತೀನಿ."

ಕೆಳಗಿಂದ ಕೊಟ್ಟೆ. ಅವಳು ಹಿಡಿಯುವಷ್ಟರಲ್ಲಿ ಮರಿ ಒಂದು ಝಾಡಿಸಿತು. ರುಮಾಲು ಅವಳ ಕೈಯಲ್ಲಿ ಉಳಿಯಿತು, ಮರಿ ಅಂಗಳಕ್ಕೆ ಹಾರಿತು.

"ಕೈ ಯಾರದು ಜಾರಿತವಾ ಬೀಗತಿ?" ಎಂದೆ.

ಅವಳು ರುಮಾಲು ಹಿಡಿದುಕೊಂಡೇ ನೆಲಕ್ಕೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಮರುದಿನ ಹೆಂಗಸರೆಲ್ಲ ತುಂಬಿದ್ದರು. ಕುರ್ಚಿ ಎಲ್ಲಿಯೂ ಕಾಣಲಿಲ್ಲ. ನನಗೆ ಕಲ್ಲಿನದೇ ಚಿಂತೆ. ನಮ್ಮ ಗುಂಡಕಲ್ಲು ಮರಿಯಷ್ಟು ಹಗುರವಲ್ಲ, ಒಮ್ಮೆಲೇ ಅಷ್ಟು ಭಾರ ಎತ್ತುವಂತಿಲ್ಲ. ನಾನು ಬಾಯಿ ಬಿಡುವ ಮೊದಲೇ ಬೀಗತಿ ತನ್ನ ಚೀಲದಿಂದ ಕುಂಚಿಗೆ ಕಟ್ಟಿದ ಒಂದು ಪುಟಾಣಿ ಗಂಟು ತೆಗೆದಳು. ಬಳ್ಳೊಳ್ಳಿ ಜಜ್ಜುವ ಕಲ್ಲು!

"ಇದೇನವಾ, ಅಣ್ಣ ತಂಗಿಗಿಂತ ಸಣ್ಣಾಗ್ಯಾನ?" ಎಂದು ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಕೇಳಿದಳು.

"ನಮ್ಮ ಹುಕ್ಕೇರಿ ಕಡೆ ಹಿಂಗ," ಎಂದಳು ಬೀಗತಿ, ನನ್ನ ಕಡೆ ನೋಡದೆ. ಹುಕ್ಕೇರಿಯಲ್ಲಿ ಎಲ್ಲಿಯೂ ಹಾಗಿಲ್ಲ.

ಆಮೇಲೆ ನನ್ನ ಮೊಮ್ಮಗಳು ಕೈಗೆ ಬಂದಳು. ಹೊಸ ಕುಂಚಿಗೆ, ಕಾಡಿಗೆಯ ಬೊಟ್ಟು. ಮಂಡಿ ಬಗ್ಗಿಸಿ ತೊಟ್ಟಿಲ ಕೆಳಗಿಂದ ಕೊಟ್ಟೆ, ಮೇಲಿಂದ ತೆಗೆದುಕೊಂಡೆ. ಒದೆಯಲಿಲ್ಲ, ಬ್ಯಾ ಎನ್ನಲಿಲ್ಲ. ಅಷ್ಟು ಮರಿಗಳನ್ನು ಎತ್ತಿದ ಕೈಗೆ ಅವಳು ಹಿಂಜಿದ ಹತ್ತಿಯಷ್ಟು ಹಗುರ. ಎಲ್ಲಿ ಭಾರವಿದೆ ಎಂದು ನಾನು ಹುಡುಕಿ ನೋಡಿದೆ, ಸಿಗಲಿಲ್ಲ. ಹಿಂದಿನಿಂದ ಇವರು, "ಅಕಿನ್ನ ಹಟ್ಟಿಗೆ ಬಿಟ್ಟಗಿಟ್ಟಿ!" ಎಂದು ಕೂಗಿದರು.

ತೊಟ್ಟಿಲಲ್ಲಿ ಹಾಕಬೇಕು, ಹೆಸರು ಕೂಗಬೇಕು, ಎಲ್ಲರೂ ಕಾಯುತ್ತಿದ್ದಾರೆ. ಆದರೆ ಅವಳು ಮುಷ್ಟಿಯಲ್ಲಿ ನನ್ನ ಸಾಕ್ಸಿನ ಅಂಚನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದಳು.

"ಬಿಡಸವಾ ಬೀಗತಿ," ಎಂದಳು ಆಚೆ ನಿಂತವಳು.

"ತಡೀರಿ," ಎಂದೆ. "ಅರ್ಧಾ ಕಸರತ್ತು ಆಗೇತಿ. ಅಕಿನ ಬಿಡ್ತಾಳ."